ಘಟ್ಟದ ಸೀಮೆಯಲ್ಲಿ ಲಗ್ನದ ಎರಡು ಪುಸ್ತಕ

ಧಾರವಾಡ ಬಿಟ್ಟ ಬಸ್ಸು ಹಳಿಯಾಳದತ್ತ ಸಾಗಿದಂತೆ ಬಯಲು ಮುಗಿದು ಭತ್ತದ ಗದ್ದೆ, ಕಬ್ಬು, ಅವುಗಳ ಹಿಂದೆ ತೇಗದ ಕಾಡು ಕಾಣತೊಡಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ತಾಲ್ಲೂಕುಗಳು ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಮುಂಡಗೋಡ ಪೂರ್ವದ ಅಂಚಿನಲ್ಲಿದೆ. ಸಂತೆಯ ದಿನ ನಿಂತು ಕಿವಿಗೊಟ್ಟರೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಕೇಳಿಬರುತ್ತವೆ. ಭಾಷೆ ಇಷ್ಟು ಬಗೆಯಾದಂತೆ, ಯಾರು ಯಾರನ್ನು ಲಗ್ನವಾಗಬಹುದು ಎಂಬ ಪ್ರಶ್ನೆಗೂ ಈ ಸೀಮೆ ಹಲವು ಉತ್ತರ ಕೊಟ್ಟಿದೆ.

ಈಗ ಆ ಪ್ರಶ್ನೆಗೆ ಹೊಸ ರೂಪ ಬಂದಿದೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ವರಿಸಬಹುದೇ? ಕ್ರೈಸ್ತ ಮನೆಗಳಲ್ಲಿ ಈ ಮಾತು ಬಂದಾಗ ಹಿರಿಯರೂ ಕಿರಿಯರೂ ಒಂದೇ ಶಬ್ದಕ್ಕೆ ಎರಡು ಅರ್ಥ ಹಚ್ಚುತ್ತಾರೆ. ಜಗಳದ ಮೂಲ ಬಹುಪಾಲು ಅಲ್ಲೇ ಇದೆ.

ಹಳಿಯಾಳದ ಹಳ್ಳಿಗಳಲ್ಲಿ ಸಿದ್ದಿಗಳ ಮನೆಗಳಿವೆ. ಪೋರ್ತುಗೀಜರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರ ಪೀಳಿಗೆಯಿದು. ದಬ್ಬಾಳಿಕೆ ತಾಳದೆ ಘಟ್ಟ ಹತ್ತಿ ಕಾಡು ಸೇರಿದವರು ಇಲ್ಲೇ ನೆಲೆಯೂರಿದರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ಯಾಥೊಲಿಕರಿದ್ದಾರೆ. ಮತ ಯಾವುದಾದರೇನು, ಸಿದ್ದಿ ಸಿದ್ದಿಯೇ ಎಂದು ಮೂರು ಮತಗಳ ನಡುವೆ ಹೆಣ್ಣು ಕೊಟ್ಟು ತಂದ ಉದಾಹರಣೆಗಳೂ ಉಂಟು. ಪೇಟೆಯ ಕ್ಯಾಥೊಲಿಕ ಕುಟುಂಬಕ್ಕೆ ಇದು ಅಷ್ಟು ಸುಲಭವಲ್ಲ. ಅಲ್ಲಿ ಅನ್ಯಮತದ ಲಗ್ನಕ್ಕೆ ಧರ್ಮಪ್ರಾಂತದ ವಿಶೇಷ ಅನುಮತಿ ಬೇಕು. ಈ ಜಿಲ್ಲೆಯ ಕ್ಯಾಥೊಲಿಕರಿಗೆ 1976ರಿಂದ ಕಾರವಾರದಲ್ಲೇ ಬಿಷಪ್ ಇದ್ದಾರೆ.

ಇಗರ್ಜಿಯ ಲಗ್ನಕ್ಕೊಂದು ಕ್ರಮವುಂಟು. ಮೊದಲು ಭಾನುವಾರದ ಪೂಜೆಯಲ್ಲಿ ವಧೂವರರ ಹೆಸರು ಓದಿ, ಅಡ್ಡಿಯಿದ್ದವರು ತಿಳಿಸಿ ಎನ್ನುತ್ತಾರೆ. ಲಗ್ನದ ಹಿಂದಿನ ದಿನ ಕೊಂಕಣಿ ಮನೆಗಳಲ್ಲಿ ತೆಂಗಿನ ಹಾಲು ಹಚ್ಚುವ ‘ರೋಸ್’ ಶಾಸ್ತ್ರ. ಮಾರನೆಯ ದಿನ ಬಲಿಪೀಠದ ಮುಂದೆ ವಚನ, ಉಂಗುರ, ಕೊನೆಗೆ ಪುಸ್ತಕದಲ್ಲಿ ಸಹಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಂತೆ ಪಾದ್ರಿ ಬರೆದ ದಾಖಲೆಯ ಪ್ರತಿ ಸರ್ಕಾರಕ್ಕೂ ಹೋಗುತ್ತದೆ. ದೇವರ ಕೆಲಸ, ಸರ್ಕಾರದ ಕೆಲಸ ಎರಡೂ ಒಂದೇ ಮೇಜಿನ ಮೇಲೆ ಮುಗಿಯುವುದರಿಂದ ಹಿರಿಯರ ಮನಸ್ಸಿನಲ್ಲಿ ಅವೆರಡೂ ಒಂದೇ ಆಗಿಬಿಟ್ಟಿವೆ.

ಅವು ಒಂದಲ್ಲವೆಂದು ತಿಳಿಯಲು ಜೋಯಿಡಾ ದಾಟಿದರೆ ಸಾಕು. ಹಿಂದೆ ಇದು ಸೂಪಾ ತಾಲ್ಲೂಕು. ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ಕಚೇರಿಗಳು ಜೋಯಿಡಾಕ್ಕೆ ಬಂದವು. ಇದೇ ತಾಲ್ಲೂಕಿನ ಕ್ಯಾಸಲ್‌ರಾಕ್ ಒಂದು ಕಾಲದಲ್ಲಿ ಬ್ರಿಟಿಷ್ ಇಂಡಿಯಾದ ಕೊನೆಯ ರೈಲು ನಿಲ್ದಾಣ. ಆಚೆ ಘಟ್ಟ ಇಳಿದರೆ ಪೋರ್ತುಗೀಜರ ಗೋವೆ. 1961ರಲ್ಲಿ ಗೋವೆ ವಿಮೋಚನೆಗೊಂಡರೂ ಪೋರ್ತುಗೀಜರ ಕಾಲದ ಕುಟುಂಬ ಕಾನೂನು ಅಲ್ಲಿ ಉಳಿಯಿತು. ಅದರಂತೆ ವಧೂವರರು ಮೊದಲು ಸಿವಿಲ್ ರಿಜಿಸ್ಟ್ರಾರ್ ಮುಂದೆ ಹಾಜರಾಗಬೇಕು. ಅಲ್ಲಿಂದ ಪತ್ರ ತಂದ ಮೇಲೆಯೇ ಇಗರ್ಜಿಯ ಲಗ್ನ. ಅದೇ ಕೊಂಕಣಿ, ಅದೇ ಪ್ರಾರ್ಥನೆ, ಅದೇ ಬಂಧುಬಳಗ. ಆದರೆ ಗಡಿಯ ಆಚೆ ಎರಡು ಪುಸ್ತಕ ಬೇರೆ ಬೇರೆ ಕಣ್ಣಿಗೆ ಕಾಣುತ್ತವೆ.

ಕಿರಿಯರು ‘ಸಲಿಂಗ ವಿವಾಹ ಆದರೆ ತಪ್ಪೇನು?’ ಎಂದಾಗ ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಸರ್ಕಾರದ ಪುಸ್ತಕ. ಹಿರಿಯರಿಗೆ ಕೇಳಿಸುವುದು ಬಲಿಪೀಠ. ವಿಚ್ಛೇದನದ ವಿಷಯದಲ್ಲಿ ಈ ಅಂತರವನ್ನು ಕ್ಯಾಥೊಲಿಕರು ಆಗಲೇ ಕಂಡಿದ್ದಾರೆ. ಗಂಡಹೆಂಡಿರಿಬ್ಬರೂ ಒಪ್ಪಿ ಬೇರ್ಪಡಲು 2001ರ ತಿದ್ದುಪಡಿ ಕ್ರೈಸ್ತರಿಗೆ ಅವಕಾಶ ಕೊಟ್ಟಿತು. ಆದರೆ ಕೋರ್ಟಿನ ವಿಚ್ಛೇದನವನ್ನು ಕ್ಯಾಥೊಲಿಕ ಧರ್ಮಸಭೆ ಇಂದಿಗೂ ಲಗ್ನದ ಅಂತ್ಯವೆಂದು ಒಪ್ಪುವುದಿಲ್ಲ. ಎರಡು ನಿಯಮ ಅಕ್ಕಪಕ್ಕ ಬಾಳುತ್ತಿವೆ.

ಮತ್ತೆ ಕಾಳಿ ನದಿಯ ಗುಂಟ ಬಂದರೆ ದಾಂಡೇಲಿ. ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಬೆಳೆಸಿದ ಊರು. ನಾನಾ ರಾಜ್ಯಗಳಿಂದ ಕೆಲಸಕ್ಕೆ ಬಂದವರು ಇಲ್ಲಿ ನೆರೆಹೊರೆಯಾದರು. ಅವರ ಮಕ್ಕಳು ಓದಿಗೆ, ನೌಕರಿಗೆ ಹುಬ್ಬಳ್ಳಿ, ಬೆಂಗಳೂರು, ಗೋವೆಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ 2008ರಿಂದ ಲೈಂಗಿಕ ಅಲ್ಪಸಂಖ್ಯಾತರ ಸ್ವಾಭಿಮಾನದ ಮೆರವಣಿಗೆ ನಡೆಯುತ್ತ ಬಂದಿದೆ. ಹಾಸ್ಟೆಲಿನ ಗೆಳೆಯನೋ ಕಚೇರಿಯ ಗೆಳತಿಯೋ ಸಲಿಂಗಿ ಎಂದು ತಿಳಿದಾಗ ಕೇಳಿದ ಮಾತಿಗೂ ಕಂಡ ಮನುಷ್ಯರಿಗೂ ತಾಳೆಯಾಗುವುದಿಲ್ಲ. ಅಭಿಪ್ರಾಯ ಬದಲಾಗುವುದು ಹೆಚ್ಚಾಗಿ ಹೀಗೆ. ಅಮೆರಿಕದಲ್ಲಿ 2017ರ ಪ್ಯೂ ಸಮೀಕ್ಷೆಯಂತೆ ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ 1964ರ ನಂತರ ಹುಟ್ಟಿದವರ ಪೈಕಿ ಶೇ. 47 ಮಂದಿ ಸಲಿಂಗ ವಿವಾಹಕ್ಕೆ ಒಪ್ಪಿದ್ದರೆ, ಅವರಿಗಿಂತ ಹಿರಿಯರಲ್ಲಿ ಶೇ. 26. ಅದೇ ಸಂಸ್ಥೆ 2023ರಲ್ಲಿ ಕೇಳಿದಾಗ ಭಾರತದ ವಯಸ್ಕರಲ್ಲಿ ಶೇ. 53 ಮಂದಿ ಕಾನೂನಿನ ಮಾನ್ಯತೆಯ ಪರ ಇದ್ದರು.

ದಾಂಡೇಲಿಯ ಕಾಡಿಗೆ ಹೆಸರು ತಂದ ಹಕ್ಕಿ ಮಂಗಟ್ಟೆ. ಹೆಣ್ಣು ಮರದ ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಉಣಿಸುತ್ತದೆ. ಇದನ್ನೇ ತೋರಿಸಿ ಗಂಡುಹೆಣ್ಣಿನ ಸಂಸಾರವೊಂದೇ ಪ್ರಕೃತಿಯ ನಿಯಮ ಎನ್ನುವವರಿದ್ದಾರೆ. ಆದರೆ ಹವಾಯಿಯ ಓವಾಹು ದ್ವೀಪದ ಆಲ್ಬಟ್ರಾಸ್ ಹಕ್ಕಿಗಳಲ್ಲಿ ಸುಮಾರು ಮೂರರಲ್ಲೊಂದು ಜೋಡಿ ಎರಡು ಹೆಣ್ಣುಗಳದ್ದೆಂದು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಹಕ್ಕಿಗಳನ್ನು ನೋಡಿ ಮನುಷ್ಯರಿಗೆ ಕಾನೂನು ಬರೆಯಲಾಗದು, ನಿಜ. ಆದರೆ ‘ಪ್ರಕೃತಿಯಲ್ಲೇ ಇಲ್ಲ’ ಎಂಬ ವಾದ ನಿಲ್ಲುವುದಿಲ್ಲ.

ಜಿಲ್ಲೆಯ ಪೂರ್ವದ ಅಂಚಿನ ಮುಂಡಗೋಡದಲ್ಲಿ ನೋಟವೇ ಬೇರೆ. 1966ರಲ್ಲಿ ಆರಂಭವಾದ ಟಿಬೆಟನ್ ವಸಾಹತು, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು, ಕೆಂಪು ವಸ್ತ್ರದ ಭಿಕ್ಷುಗಳು. ಇವರು ಗೌರವಿಸುವ ದಲೈ ಲಾಮಾ 2014ರಲ್ಲಿ ಲ್ಯಾರಿ ಕಿಂಗ್ ಸಂದರ್ಶನದಲ್ಲಿ ಇದೇ ಪ್ರಶ್ನೆ ಎದುರಿಸಿದರು. ಧರ್ಮವನ್ನು ನಂಬಿದವರು ತಮ್ಮ ತಮ್ಮ ಸಂಪ್ರದಾಯದಂತೆ ನಡೆಯಬೇಕು, ಉಳಿದವರಲ್ಲಿ ಇಬ್ಬರೂ ಪೂರ್ಣವಾಗಿ ಒಪ್ಪಿದ್ದರೆ ಅದು ಅವರವರ ವಿಷಯ ಎಂಬುದು ಅವರ ಉತ್ತರದ ಸಾರ. ಅಲ್ಲಿಯೂ ಎರಡು ಪುಸ್ತಕ!

ಕ್ಯಾಥೊಲಿಕ ಧರ್ಮಸಭೆಯ ನಿಲುವೂ ಹಲವರು ತಿಳಿದಷ್ಟು ಸರಳವಲ್ಲ. ಲಗ್ನ ಗಂಡುಹೆಣ್ಣಿನ ನಡುವಿನದೇ ಎಂಬ ಬೋಧನೆ ಬದಲಾಗಿಲ್ಲ. ಸಲಿಂಗ ಸಂಬಂಧವನ್ನು ಅದು ಒಪ್ಪುವುದಿಲ್ಲ. ಆದರೆ ಸಲಿಂಗಿಗಳನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು, ಅನ್ಯಾಯದ ಭೇದಭಾವ ಸಲ್ಲದು ಎಂದು 1992ರ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. 2023ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಒಪ್ಪಿಗೆಯೊಂದಿಗೆ ಹೊರಬಂದ ಘೋಷಣೆ, ಲಗ್ನದ ವಿಧಿಯನ್ನು ಹೋಲದ ಸರಳ ಆಶೀರ್ವಾದ ಕೊಡಲು ಪಾದ್ರಿಗಳಿಗೆ ಅವಕಾಶ ಮಾಡಿತು.

ದೇಶದ ಕಾನೂನು ಎಲ್ಲಿಗೆ ಬಂದು ನಿಂತಿದೆ? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪದೆ, ಅದು ಸಂಸತ್ತಿನ ಕೆಲಸವೆಂದಿತು. 1954ರ ವಿಶೇಷ ವಿವಾಹ ಕಾಯಿದೆ ಹಿಂದಿನಂತೆಯೇ ಉಳಿದಿದೆ. ಆದರೂ 2024ರಲ್ಲಿ ಕೇಂದ್ರ ಸರ್ಕಾರ ಇಂಥ ಜೊತೆಗಾರರನ್ನು ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸಲು ರಾಜ್ಯಗಳಿಗೆ ತಿಳಿಸಿತು. ಬ್ಯಾಂಕಿನಲ್ಲಿ ಜಂಟಿ ಖಾತೆಗೆ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಿತು.

ಕಾನೂನು, ಧರ್ಮಸಭೆ ಎರಡೂ ತಮ್ಮ ಗತಿಯಲ್ಲಿ ಸಾಗಲಿ. ಅವೆರಡೂ ಒಂದು ತೀರ್ಮಾನಕ್ಕೆ ಬರುವತನಕ ಕಾಯಲಾಗದ ಜಾಗ ಮನೆ. ತನ್ನ ಒಲವು ಬೇರೆಯದೆಂದು ಅರಿತ ಮಗ ಅಥವಾ ಮಗಳು ಅದನ್ನು ಮೊದಲು ಬಚ್ಚಿಡುವುದು ತಂದೆತಾಯಿಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಅದನ್ನು ‘ಗುಣಪಡಿಸುತ್ತೇವೆ’ ಎನ್ನುವ ವೈದ್ಯರ ನಡೆ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಲಗ್ನ ಮಾಡಿದರೆ ಸರಿಹೋದಾನೆಂದು ಹೆಣ್ಣು ತಂದು ಕಟ್ಟಿದರೆ ಕೆಡುವುದು ಒಂದಲ್ಲ, ಎರಡು ಬಾಳು. ಬಲಿಪೀಠದ ಮುಂದೆ ಏನು ನಡೆಯಬೇಕೆಂಬ ನಂಬಿಕೆಯನ್ನು ಬಿಡಿ ಎಂದು ಮಕ್ಕಳು ತಂದೆತಾಯಿಯನ್ನು ಕೇಳಬೇಕಾಗಿಲ್ಲ. ಆ ನಂಬಿಕೆಯ ಹೆಸರಿನಲ್ಲಿ ಮಗುವಿಗೆ ಮನೆಯ ಬಾಗಿಲು ಮುಚ್ಚಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ.