ಏನು ಹಾಕಿ ಆಡುವುದು ಹಾಕಿ?

ನಮ್ಮ ಎಲ್ಲೂರಿಗೆ ಹೊರಗಿನವರು ಬರುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ವಿಶ್ವೇಶ್ವರ ದೇವರಿಗೆ ಸೀಯಾಳದ ಅಭಿಷೇಕ ಮಾಡಿಸಲು. ಇನ್ನೊಂದು, ಉಷ್ಣ ವಿದ್ಯುತ್ ಸ್ಥಾವರದ ಕೆಲಸಕ್ಕೆ. ಹಾಕಿ ಆಡಲೆಂದು ಈ ಊರಿಗೆ ಯಾರಾದರೂ ಬಂದದ್ದು ನನ್ನ ನೆನಪಿನಲ್ಲಿಲ್ಲ. ಕೊಯ್ಲಾದ ಗದ್ದೆಯಲ್ಲಿ ಕ್ರಿಕೆಟ್, ಸಂಜೆಗೆ ವಾಲಿಬಾಲ್, ರಾತ್ರಿ ಹೊನಲು ಬೆಳಕಿನಲ್ಲಿ ಕಬಡ್ಡಿ, ಇಷ್ಟು ನಮ್ಮ ಆಟದ ಲೆಕ್ಕ.

ಹಾಗಿದ್ದೂ ಹಾಕಿಯ ಬಗ್ಗೆ ಜಗಳವಾಡಿದವರು ನಾವು. 1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ಫೈನಲ್ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾವನ್ನು ಟೈಬ್ರೇಕರ್‌ನಲ್ಲಿ ಸೋಲಿಸಿ ಚಿನ್ನ ಗೆದ್ದಿತು. ಗೋಲು ಕಾದವರು ಆಶಿಶ್ ಬಲ್ಲಾಳ್. ಬಲ್ಲಾಳ ಎಂಬ ಹೆಸರು ಕೇಳಿದ ಕೂಡಲೇ ನಮ್ಮೂರ ಸೆಲೂನಿನ ಬೆಂಚಿನ ಮೇಲೆ ಕೂತಿದ್ದವರೆಲ್ಲ ಅವರನ್ನು ನಮ್ಮವರೆಂದು ತೀರ್ಮಾನಿಸಿದೆವು. ಅವರ ಊರು ಮನೆ ವಿಚಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಆ ಸಂಭ್ರಮ ಇಳಿಯುವ ಮೊದಲೇ ನಾಯಕ ಧನರಾಜ್ ಪಿಳ್ಳೆ, ಬಲ್ಲಾಳ್ ಸೇರಿದಂತೆ ಹಲವರನ್ನು ತಂಡದಿಂದ ಬಿಟ್ಟರು. ಕೋಚ್ ಕೌಶಿಕ್ ಅವರಿಗೂ ಅದೇ ಗತಿ. ಭತ್ಯೆ, ಸೌಲಭ್ಯ ಎಂದು ಬಾಯಿ ತೆರೆದದ್ದೇ ಆಟಗಾರರ ತಪ್ಪಾಯಿತು ಎಂದು ಅರ್ಧ ಬೆಂಚು ಹೇಳಿತು. ಹೊಸ ತಂಡ ಕಟ್ಟುವವರು ಹಳಬರ ಮುಖ ನೋಡುತ್ತಾ ಕೂರಲಾಗುತ್ತದೆಯೇ ಎಂದು ಉಳಿದರ್ಧ. ಕ್ಷೌರಕ್ಕೆ ಬಂದವರು ಅರ್ಧ ಗಡ್ಡದಲ್ಲಿ ಎದ್ದು ವಾದಿಸಿದರು. ಆದರೆ ನಮ್ಮ ವಾದ ದೆಹಲಿಗೆ ಕೇಳುವಂತಿರಲಿಲ್ಲ. ಗೆದ್ದವರನ್ನು ಏಕೆ ಬಿಟ್ಟಿರಿ ಎಂದು ಮುಖಕ್ಕೆ ಮುಖ ಕೊಟ್ಟು ಕೇಳಲು ಒಬ್ಬ ಮನುಷ್ಯನೂ ನಮಗೆ ಸಿಗಲಿಲ್ಲ. ಹತ್ತು ವರ್ಷ ಕಳೆದು 2008ರಲ್ಲಿ ಭಾರತ ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆಯನ್ನೇ ಪಡೆಯದೆ ಹೋದಾಗ ಜಗಳವಾಡುವ ಉತ್ಸಾಹವೂ ಆ ಬೆಂಚಿನಲ್ಲಿ ಉಳಿದಿರಲಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು 2024ರ ಮಾರ್ಚಿನಲ್ಲಿ, ತಂಗಿಯ ಮಗಳಿಂದಾಗಿ. ಏಳನೇ ತರಗತಿಯ ಹುಡುಗಿ. ಅವಳ ಶಾಲೆಗೆ ಕೊಡಗಿನ ಕಡೆಯ ಪಿ.ಟಿ. ಮಾಸ್ತರರೊಬ್ಬರು ಬಂದು, ಆರು ಸ್ಟಿಕ್ ಸಂಪಾದಿಸಿ, ಎರಡು ಕಲ್ಲಿಟ್ಟು ಗೋಲು ಮಾಡಿ ಮಕ್ಕಳಿಗೆ ಹಾಕಿ ಕಲಿಸಿದ್ದರು. ಇವಳ ಓಟ ನೋಡಿ, ಎಂಟನೆಯ ತರಗತಿಗೆ ಸರ್ಕಾರದ ಕ್ರೀಡಾ ವಸತಿ ನಿಲಯದ ಆಯ್ಕೆಗೆ ಕಳಿಸಿ ಎಂದು ಹೇಳಿ ಕಳಿಸಿದರು. ಕೂಡಿಗೆ, ಪೊನ್ನಂಪೇಟೆ ಎಂಬ ಹೆಸರುಗಳು ನಮ್ಮ ಮನೆಯ ಚಾವಡಿಗೆ ಬಂದದ್ದು ಹೀಗೆ.

ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಭಾವ, "ಮಾವ ಹೇಳಿದ ಹಾಗೆ ಮಾಡಿ" ಎಂದು ಫೋನಿನಲ್ಲೇ ಕೈ ತೊಳೆದುಕೊಂಡರು. ತಂಗಿ ಮಾತ್ರ ಬಿಡಲಿಲ್ಲ. "ಆಡಲಿ ಅಣ್ಣ, ಆಟಕ್ಕೆ ನನ್ನದೇನೂ ಅಡ್ಡಿ ಇಲ್ಲ. ಏನು ಹಾಕಿ ಆಡುವುದು, ಅದು ಹೇಳು. ಆ ತುಂಡು ಲಂಗ ನನಗೆ ಆಗುವುದಿಲ್ಲ." (ನಾವು ಮನೆಯಲ್ಲಿ ಆಡುವುದು ತುಳು. ಅಲ್ಲಿ ಈ ಶ್ಲೇಷೆ ಇಲ್ಲ. ಕನ್ನಡಕ್ಕೆ ತರುವಾಗ ತಾನಾಗಿ ಬಂದು ಕೂತಿತು.)

ಉತ್ತರ ಹೇಳಲು ನನಗೆ ತಿಳಿಯಲಿಲ್ಲ. ರಾಣಿ ರಾಂಪಾಲ್ ಅವರ ವಿಷಯ ಹೇಳಿ ನೋಡಿದೆ. ಹರಿಯಾಣದ ಶಾಹಬಾದಿನ ಆ ಹುಡುಗಿ ಸ್ಕರ್ಟ್ ತೊಟ್ಟು ಮೈದಾನದಲ್ಲಿ ಓಡುವುದಕ್ಕೆ ಅವರ ಮನೆಯಲ್ಲೂ ಒಪ್ಪಿರಲಿಲ್ಲ, ಮೊದಮೊದಲು ಸಲ್ವಾರ್ ಕಮೀಜಿನಲ್ಲೇ ಓಡುತ್ತಿದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಅವರ ನಾಯಕತ್ವದಲ್ಲಿ ಭಾರತದ ವನಿತೆಯರು ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. "ಅದು ಟಿವಿಯವರ ಕತೆ" ಎಂದಳು ತಂಗಿ. ಸರಿ, ಟಿವಿ ಬೇಡ, ಕಣ್ಣಾರೆ ನೋಡು ಎಂದು ಏಪ್ರಿಲ್ ರಜೆಯ ಒಂದು ದಿನ ಬೆಳಗಿನ ನಾಲ್ಕು ಗಂಟೆಗೆ ಮೂವರೂ ನಾಪೋಕ್ಲುವಿಗೆ ಹೊರಟೆವು.

ಉಚ್ಚಿಲದಲ್ಲಿ ಹೆದ್ದಾರಿ ಸೇರಿ, ಮಂಗಳೂರು ದಾಟಿ, ಪುತ್ತೂರಿನಲ್ಲಿ ಚಹಾ ಕುಡಿದು, ಸುಳ್ಯ ಬಿಟ್ಟ ಮೇಲೆ ಸೆಖೆ ತುಸು ಕಡಿಮೆಯಾಯಿತು. ಸಂಪಾಜೆ ಘಾಟಿಯಲ್ಲಿ ಜೋಡುಪಾಲದ ಬಳಿ ಗುಡ್ಡದ ಮೇಲೆ ಹಳೆಯ ಗಾಯದ ಗುರುತು. 2018ರ ಆಗಸ್ಟಿನಲ್ಲಿ ಮಣ್ಣು ಕುಸಿದು ಮನೆಗಳನ್ನೇ ಹೊತ್ತೊಯ್ದ ಜಾಗ. ಕೊಡಗಿನ ಹಾಕಿ ಹಬ್ಬಕ್ಕೂ ಆ ಮಳೆಗೂ ಸಂಬಂಧವುಂಟು. 2018ರ ಬೇಸಿಗೆಯಲ್ಲಿ ನಡೆದ ಪಂದ್ಯಾವಳಿ ಆ ದುರಂತದ ಬಳಿಕ ನಿಂತಿತು. ಬೆನ್ನಿಗೇ ಕೊರೊನಾ ಬಂತು. ಮತ್ತೆ ಚೆಂಡು ಉರುಳಿದ್ದು 2023ರಲ್ಲಿ.

ಈ ಹಬ್ಬದ ವಿಷಯ ತಿಳಿಯದ ಮಕ್ಕಳಿಗಾಗಿ ಎರಡು ಮಾತು. ಕೊಡವರಲ್ಲಿ ಒಂದೇ ಮೂಲಪುರುಷನಿಂದ ಬಂದ ಮನೆತನಕ್ಕೆ ಒಕ್ಕ ಎನ್ನುತ್ತಾರೆ. ಚದುರಿಹೋಗುತ್ತಿದ್ದ ಈ ಒಕ್ಕಗಳನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸಬೇಕೆಂದು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಒಕ್ಕಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದರು. ಮೊದಲ ವರ್ಷ 60 ತಂಡಗಳು. ವರ್ಷಕ್ಕೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೆ ಆ ಮನೆತನದ ಹೆಸರು. ನಾವು ಹೋದ 2024ರ ಕುಂಡ್ಯೋಳಂಡ ಕಪ್ಪಿನಲ್ಲಿ 360 ತಂಡಗಳಿದ್ದವು. ಅದು ಗಿನ್ನೆಸ್ ದಾಖಲೆಗೂ ಸೇರಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್ಪಿನಲ್ಲಿ 396. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ ಅವರಂಥವರನ್ನು ದೇಶಕ್ಕೆ ಕೊಟ್ಟ ನೆಲ ಇದು. ಆದರೆ ಈ ಪಂದ್ಯಾವಳಿಗೆ ಅಂಥವರೇ ಆಗಬೇಕೆಂದಿಲ್ಲ. ಒಕ್ಕದವರಾಗಿರಬೇಕು, ಅಷ್ಟೇ. ಹೆಣ್ಣು ಗಂಡು ಒಂದೇ ತಂಡದಲ್ಲಿ, ಅಜ್ಜ ಮೊಮ್ಮಗಳು ಒಂದೇ ತಂಡದಲ್ಲಿ.

ಮಡಿಕೇರಿಯಿಂದ ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ನಾಪೋಕ್ಲು ತಲಪುವಾಗ ಬಿಸಿಲೇರಿತ್ತು. ಗ್ಯಾಲರಿಯಲ್ಲಿ ನಮಗೆ ಜಾಗ ಸಿಕ್ಕಿದ್ದು ಒಂದು ಒಕ್ಕದವರ ಮಧ್ಯೆ. ಮನೆತನದ ಹೆಸರು ಬರೆಯುವುದಿಲ್ಲ, ಏಕೆಂದರೆ ನಾವು ಹೋದಾಗ ಅಲ್ಲಿ ಜಗಳ ನಡೆಯುತ್ತಿತ್ತು, ಮತ್ತು ಅದು ಅವರ ಮನೆಯ ಜಗಳ.

ವಿಷಯ ಇಷ್ಟು. ಹಿಂದಿನ ವರ್ಷ ಅವರ ತಂಡ ಮೊದಲ ಪಂದ್ಯದಲ್ಲೇ ಸೋತಿತ್ತು. ಈ ಸಲ ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಹುಡುಗನೊಬ್ಬ ಮ್ಯಾನೇಜರ್ ಆಗಿ, ತಂಡವನ್ನು ಹೊಸದಾಗಿ ಕಟ್ಟುತ್ತೇನೆಂದು ಮೂರು ಕಾನೂನು ತಂದಿದ್ದ. ಮೂರು ಭಾನುವಾರ ಅಭ್ಯಾಸಕ್ಕೆ ಬಾರದವರಿಗೆ ಮೊದಲ ಹನ್ನೊಂದರಲ್ಲಿ ಜಾಗವಿಲ್ಲ. ಐವತ್ತು ದಾಟಿದವರು ಬೆಂಚಿನಲ್ಲಿ. ಎಲ್ಲರಿಗೂ ಒಂದೇ ಜೆರ್ಸಿ, ಒಂದೇ ಚಡ್ಡಿ, ಮೊಣಕಾಲವರೆಗೆ ಒಂದೇ ಬಣ್ಣದ ಸಾಕ್ಸ್, ಟೋಪಿ ಇಲ್ಲ. ಜೆರ್ಸಿಯ ಎದೆಯ ಮೇಲೆ ದುಡ್ಡು ಕೊಟ್ಟ ಅಂಗಡಿಯ ಹೆಸರು, ಒಕ್ಕದ ಹೆಸರು ಬೆನ್ನಿಗೆ.

ನನ್ನ ಪಕ್ಕ ಕೂತಿದ್ದವರು ನಿವೃತ್ತ ಸುಬೇದಾರರು, ಅರುವತ್ತರ ಹತ್ತಿರದವರು. ಜೆರ್ಸಿ ತೊಟ್ಟಿದ್ದರು, ತಲೆಗೆ ಹಳೆಯ ಟೋಪಿಯೂ ಇತ್ತು. "ನೋಡಿ ಇವ್ರೇ," ಎಂದರು ನನ್ನನ್ನು ನ್ಯಾಯಾಧೀಶನನ್ನಾಗಿ ಮಾಡಿ, "ನಾವು ಬರಿಗಾಲಲ್ಲಿ ಆಡಿದವರು. ಒಕ್ಕದ ಹೆಸರು ಎದೆ ಮೇಲಿರ್ಬೇಕೋ ಬೆನ್ನ ಮೇಲೋ? ನಾವು ಬಂದಿರೋದು ಅಂಗಡಿಯವರ ಪರವಾಗಿಯಾ?" ಮುಂದಿನ ಸಾಲಿನಿಂದ ಒಬ್ಬ ತರುಣ ತಿರುಗಿ, "ದೊಡ್ಡಪ್ಪಾ, ಹಿಂದಿನ ವರ್ಷ ಎದೆ ಮೇಲೇ ಇತ್ತು, ಐದು ಗೋಲು ತಿಂದ್ವಿ" ಎಂದ. ಗ್ಯಾಲರಿ ನಕ್ಕಿತು. ಸುಬೇದಾರರು ನಗಲಿಲ್ಲ. "ಅಭ್ಯಾಸಕ್ಕೆ ಬಂದವರೇ ಆಡೋದಾದ್ರೆ ದುಬೈಯಿಂದ ರಜೆ ಹಾಕಿ ಬಂದವನು ಏನ್ಮಾಡ್ಬೇಕು? ಅವನು ಒಕ್ಕದವನಲ್ವಾ? ಗೆಲ್ಲೋದಕ್ಕೇ ಆಗಿದ್ರೆ ಈ ಹಬ್ಬ ಯಾಕೆ ಬೇಕಿತ್ತು?"

ಪ್ರಶ್ನೆ ಒಳ್ಳೆಯದೇ. ಆದರೆ ನನಗೆ ಹುಡುಗನ ಮಾತಿನಲ್ಲೂ ಹುರುಳು ಕಂಡಿತು. ಐದು ಗೋಲು ತಿನ್ನುವುದಕ್ಕೆ ದುಬೈಯಿಂದ ಬರಲು ಎಷ್ಟು ವರ್ಷ ಮನಸ್ಸಾದೀತು? ದೇಶದ ತಂಡದ ಕತೆಯೂ ಹೆಚ್ಚು ಕಡಿಮೆ ಇದೇ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿ ಕೃತಕ ಹುಲ್ಲಿನ ಮೇಲೆ ಒಲಿಂಪಿಕ್ಸ್ ಹಾಕಿ ನಡೆದಾಗ, ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದಿದ್ದ ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಹೊಸ ಹುಲ್ಲಿಗೆ ಹೊಸ ಕಾಲು ಬೇಕಿತ್ತು. ತಂಡವನ್ನು ಮತ್ತೆ ಕಟ್ಟಿ, ಟೋಕಿಯೋದಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ತರುವಷ್ಟರಲ್ಲಿ, ಮಾಸ್ಕೋದ ಚಿನ್ನದಿಂದ ಎಣಿಸಿದರೆ 41 ವರ್ಷ ಕಳೆದಿತ್ತು.

ಇಲ್ಲಿ ವ್ಯತ್ಯಾಸ ಒಂದೇ. ಮ್ಯಾನೇಜರ್ ಹುಡುಗ ಗ್ಯಾಲರಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ. ಸುಬೇದಾರರು ಕೂಗಿದ್ದು ಅವನಿಗೆ ಕೇಳುತ್ತಿತ್ತು, ಅವನು ತಿರುಗಿ ಕೈಸನ್ನೆ ಮಾಡಿದ್ದು ಇವರಿಗೆ ಕಾಣುತ್ತಿತ್ತು. ನಮ್ಮ ಸೆಲೂನಿನ ಬೆಂಚಿಗೆ ದಕ್ಕದ ಭಾಗ್ಯ.

ತಂಗಿ ಈ ಜಗಳವನ್ನು ಕೇಳುತ್ತಲೇ ಇರಲಿಲ್ಲ. ಅವಳ ಕಣ್ಣು ಮೈದಾನದಲ್ಲಿ. ಆ ತಂಡದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದರು. ಒಬ್ಬಳು ಹೈಸ್ಕೂಲಿನ ಹುಡುಗಿ, ಮ್ಯಾನೇಜರ್ ಹೇಳಿದ ಚಡ್ಡಿಯಲ್ಲೇ. ಇನ್ನೊಬ್ಬಾಕೆ ಮೂವತ್ತೈದರ ಗೃಹಿಣಿ, ಉದ್ದದ ಟ್ರ್ಯಾಕ್ ಪ್ಯಾಂಟಿನಲ್ಲಿ. ಕಾನೂನು ಅಲ್ಲಿಗೆ ಸಡಿಲವಾಗಿತ್ತು. ತಂಗಿ ಅಳುಕುತ್ತಲೇ ಹಿಂದಿನ ಸಾಲಿನ ಹಿರಿಯಾಕೆಯೊಬ್ಬರನ್ನು ಕೇಳಿದಳು, "ಇಷ್ಟು ಗಂಡಸರ ನಡುವೆ ಹಾಗೆ ಚಡ್ಡಿಯಲ್ಲಿ... ಯಾರೂ ಏನೂ ಹೇಳುವುದಿಲ್ವಾ?"

ಕೊಡವ ಶೈಲಿಯಲ್ಲಿ ನೆರಿಗೆ ಹಿಂದಕ್ಕಿಟ್ಟು ಸೀರೆ ಉಟ್ಟಿದ್ದ ಆಕೆ ಮೈದಾನದಿಂದ ಕಣ್ಣು ಕೀಳದೆಯೇ ಹೇಳಿದರು: "ಹೇಳ್ತಾರೆ. ಚೆಂಡು ಬಿಟ್ಳು ಅಂತ ಬೈತಾರೆ. ಅವಳು ನನ್ನ ಮೊಮ್ಮಗಳು, ಪ್ಯಾಂಟಿನವಳು ಸೊಸೆ. ಇಬ್ಬರಿಗೂ ಯಾವುದರಲ್ಲಿ ಓಡೋಕೆ ಬರುತ್ತೋ ಅದು."

ತಂಗಿ ಸುಮ್ಮನಾದಳು. ಒಪ್ಪಿದಳೆಂದಲ್ಲ. ಅಲ್ಲಿರುವವರೆಲ್ಲ ದೊಡ್ಡಪ್ಪ, ಚಿಕ್ಕಪ್ಪ, ಅಣ್ಣ, ಬಾವ. ಊರಿನ ಮೈದಾನದಲ್ಲಿ ನೋಡುವವರು ಬೇರೆ ಎಂದು ಸಂಜೆ ಕಾರಿನಲ್ಲಿ ಹೇಳಿದಳು, ಅದೂ ನಿಜವೇ. ಇತ್ತೀಚೆಗೆ ಇಂಗ್ಲೆಂಡಿನ ಟೆಸ್ ಹೊವರ್ಡ್ ಎಂಬ ಆಟಗಾರ್ತಿ, ಸ್ಕರ್ಟೋ ಚಡ್ಡಿಯೋ ಎಂಬ ಆಯ್ಕೆ ಆಟಗಾರ್ತಿಯದೇ ಆಗಬೇಕೆಂದು ವಾದಿಸಿ ಅಲ್ಲಿನ ನಿಯಮವನ್ನೇ ಬದಲಾಯಿಸಲು ಕಾರಣರಾದರು. ಸ್ಕರ್ಟು ಕಂಡು ಆಟ ಬಿಡುವ ಹುಡುಗಿಯರು ಆ ದೇಶದಲ್ಲೂ ಇದ್ದಾರೆ ಎಂದಾಯಿತು.

ಪಂದ್ಯದ ವಿಷಯ ಹೇಳಿ ಮುಗಿಸುತ್ತೇನೆ. ಎರಡು ಗೋಲು ಹಿಂದಿರುವಾಗ, ಕೊನೆಯ ಕೆಲವು ನಿಮಿಷಗಳಿಗೆ ಮ್ಯಾನೇಜರ್ ಗ್ಯಾಲರಿಯತ್ತ ತಿರುಗಿ ಕೈ ಬೀಸಿದ. ಸುಬೇದಾರರು ಒಂದು ಕ್ಷಣ ನಂಬಲಿಲ್ಲ. ಆಮೇಲೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಸಾಕ್ಸ್ ಮೊಣಕಾಲಿಗೆ ಎಳೆದುಕೊಂಡು ಇಳಿದರು. ಓಡಲು ಆಗಲಿಲ್ಲ, ಆದರೆ ನಿಂತಲ್ಲಿಂದಲೇ ಎಡಕ್ಕೆ ಕೊಟ್ಟ ಒಂದು ಪಾಸು ನೇರವಾಗಿ ಆ ಹೈಸ್ಕೂಲಿನ ಹುಡುಗಿಗೆ ತಲಪಿತು, ಅವಳು ಗೋಲು ಹೊಡೆದಳು. ನನ್ನ ಪಕ್ಕದಲ್ಲಿ ನಮ್ಮ ಹುಡುಗಿ ಯಾವಾಗ ಬೆಂಚು ಹತ್ತಿ ನಿಂತಿದ್ದಳೋ ತಿಳಿಯದು. ಅವರು 3-1ರಿಂದ ಸೋತರು. ಮಧ್ಯಾಹ್ನ ಅಕ್ಕಿ ರೊಟ್ಟಿ, ಪಂದಿ ಕರಿಯ ಮುಂದೆ ಜಗಳ ಮತ್ತೆ ಮೊದಲಿನಿಂದ ಶುರುವಾಯಿತು. ಸುಬೇದಾರರನ್ನು ಮೊದಲೇ ಇಳಿಸಬೇಕಿತ್ತು ಎಂದು ಈಗ ವಾದಿಸುತ್ತಿದ್ದವನು, ಬೆಳಿಗ್ಗೆ ಐದು ಗೋಲಿನ ಲೆಕ್ಕ ಹೇಳಿದ ಅದೇ ತರುಣ.

ಹಿಂದಿರುಗುವಾಗ ಹುಡುಗಿ ಕೇಳಿದಳು, "ಮಾವ, ನಮ್ಮ ಕುಟುಂಬದ್ದೂ ಒಂದು ತಂಡ ಮಾಡಿದರೆ?" ನಾನು ಲೆಕ್ಕ ಹಾಕಿದೆ. ನಮ್ಮದು ಅಳಿಯಕಟ್ಟು, ಕುಟುಂಬ ತಾಯಿಯ ಕಡೆಯಿಂದ. ಆಗ ಇವಳು ನನ್ನ ತಂಡ, ನನ್ನ ಸ್ವಂತ ಮಗ ಅವನ ಅಮ್ಮನ ಕುಟುಂಬದ ತಂಡ. ಇಬ್ಬರೂ ಎದುರಾಬದುರು. ಇದನ್ನು ಹೇಳಿದ್ದೇ ತಡ, ಸಂಪಾಜೆಯಿಂದ ಸುಳ್ಯದವರೆಗೆ ಅವಳು ತನ್ನ ಭಾವನಿಗೆ ಗೋಲು ಹೊಡೆಯುವ ಯೋಜನೆಯಲ್ಲೇ ಇದ್ದಳು.

ಮನೆ ತಲಪುವಾಗ ರಾತ್ರಿ. ದೂರದಲ್ಲಿ ಸ್ಥಾವರದ ಚಿಮಣಿಯ ಕೆಂಪು ದೀಪ ಕಾಣುತ್ತಿತ್ತು. ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಆಯ್ಕೆಗೆ ಕಳಿಸುವುದೋ ಬೇಡವೋ ಎಂಬ ಮಾತನ್ನು ತಂಗಿ ದಾರಿಯುದ್ದಕ್ಕೂ ಎತ್ತಿರಲಿಲ್ಲ, ನಾನೂ ಕೆದಕಲಿಲ್ಲ. ಕಾರಿನ ಬಾಗಿಲು ಹಾಕುವಾಗ ಅವಳು ಕೇಳಿದ್ದು ಬೇರೆಯೇ.

"ಅಣ್ಣ, ಆ ಮೊಣಕಾಲವರೆಗಿನ ಸಾಕ್ಸ್ ಪಡುಬಿದ್ರಿಯಲ್ಲಿ ಸಿಗಬಹುದಾ, ಉಡುಪಿಗೇ ಹೋಗಬೇಕಾ?"