ಪುಟ್ಟ ವಿಮಾನದ ಮಾರ್ಜನ

ಮನೆಯ ಪಾತ್ರೆಗಳನ್ನು ಬೆಳಗುವುದು ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಮಾತ್ರವೇ ಎಂದು ತಿಳಿದವರುಂಟು. ಆದರೆ ಅನುಭವವುಳ್ಳ ಗೃಹಿಣಿಯನ್ನು ಕೇಳಿದರೆ ಆಕೆಯು ಬೇರೊಂದು ಕಾರಣವನ್ನು ಹೇಳುವಳು. ತಂಬಿಗೆಯ ತಳದ ಸೀಳು, ಹಿತ್ತಾಳೆಯ ಪಾತ್ರೆಯಲ್ಲಿ ಕಲಾಯಿ ಹೋದ ಜಾಗ, ದೀಪದ ಕಂಬದ ಸಡಿಲವಾದ ತಿರುಪು, ಇವೆಲ್ಲವೂ ಬೆಳಗುವಾಗಲೇ ಕೈಗೆ ಸಿಕ್ಕುವುವು. ಒರೆಸುವುದಕ್ಕೆ ಸಂಸ್ಕೃತದಲ್ಲಿ ಮಾರ್ಜನವೆಂದು ಹೆಸರು. ತನ್ನ ಮೈಯನ್ನು ತಾನೇ ಸದಾ ಶುಚಿಮಾಡಿಕೊಳ್ಳುವುದರಿಂದ ಬೆಕ್ಕಿಗೆ ಮಾರ್ಜಾರವೆಂಬ ಹೆಸರು ಬಂದಿತೆಂದು ನಾವು ಮೂವತ್ತು ವರ್ಷಕಾಲ ಹುಡುಗರಿಗೆ ಪಾಠ ಹೇಳಿದೆವು. ಪರೀಕ್ಷೆಯೆಂದರೆ ಸುತ್ತಲೂ ನೋಡುವುದೆಂದೂ ಹೇಳಿದೆವು. ಈ ಎರಡು ಶಬ್ದಗಳು ಒಂದೇ ಕೆಲಸದ ಎರಡು ಮುಖಗಳೆಂಬುದು ನಮಗೆ ಪ್ರತ್ಯಕ್ಷವಾದುದು ನಿವೃತ್ತರಾದ ಮೇಲೆ. ಅದೂ ಪಾಕಶಾಲೆಯಲ್ಲಲ್ಲ, ಅಮೆರಿಕದ ಒಹಾಯೊ ಪ್ರಾಂತದ ಒಂದು ಸಣ್ಣ ವಿಮಾನನಿಲ್ದಾಣದಲ್ಲಿ.

ನಮ್ಮ ತಂಗಿಯ ಮಗನು ಅಲ್ಲಿ ಇಂಜಿನಿಯರನಾಗಿರುವನು. ಕೆಲವು ವರ್ಷಗಳ ಕೆಳಗೆ ಅವನೂ ಅವನ ಗೆಳೆಯನೂ ಕೂಡಿ ಎರಡು ಆಸನಗಳ ಕಿರುವಿಮಾನವೊಂದನ್ನು ಕೊಂಡರು. ಆ ಸುದ್ದಿ ಮೈಸೂರಿಗೆ ಮುಟ್ಟಿದಂದಿನಿಂದ ತಂಗಿಗೆ ನೆಮ್ಮದಿಯಿಲ್ಲ. ಭಾನುವಾರದ ದೂರವಾಣಿ ತಡವಾದರೆ ಆಕೆಯು ದೇವರ ಮನೆಯಿಂದ ಹೊರಗೆ ಬಾರಳು. 2024ನೆಯ ಇಸವಿಯ ಬೇಸಗೆಯಲ್ಲಿ ನಾವು ಅಲ್ಲಿಗೆ ಹೊರಟು ನಿಂತಾಗ, “ಅಣ್ಣ, ನೀನೇ ಕಣ್ಣಾರೆ ನೋಡಿ ಬಾ. ಅಪಾಯವೆಂದು ತೋರಿದರೆ ಮಾರಿಬಿಡೆಂದು ಹೇಳು. ನನ್ನ ಮಾತು ಕೇಳದಿದ್ದರೂ ಸೋದರಮಾವನ ಮಾತು ಕೇಳುತ್ತಾನೆ,” ಎಂದಳು. ಯಂತ್ರವಿದ್ಯೆಯನ್ನರಿಯದ ನಾವು ಇಂತಹ ತೀರ್ಪನ್ನು ಕೊಡುವುದೆಂತು? ಆದರೂ ಆ ಭಾರವನ್ನು ಹೊತ್ತುಕೊಂಡೇ ಹೋದೆವು.

ಅಮೆರಿಕದ ಸರಕಾರವು 2004ರಲ್ಲಿ ಲಘು ಕ್ರೀಡಾವಿಮಾನಗಳೆಂಬ ಒಂದು ವರ್ಗವನ್ನು ಏರ್ಪಡಿಸಿತು. ನೆಲದಿಂದ ಏಳುವ ಇಂತಹ ವಿಮಾನದ ತೂಕವು ಜನರೂ ಇಂಧನವೂ ಸೇರಿ 600 ಕಿಲೋಗ್ರಾಮನ್ನು ಮೀರಕೂಡದು, ಆಸನಗಳು ಎರಡಕ್ಕಿಂತ ಹೆಚ್ಚಿರಕೂಡದು ಎಂಬುದು ಆಗಿನ ನಿಯಮ. 2025ರಲ್ಲಿ ಆ ಮಿತಿಗಳನ್ನು ಬಹಳ ಮಟ್ಟಿಗೆ ಸಡಿಲಿಸಿದರು. ಸಣ್ಣ ಮೋಟಾರು ಕಾರಿಗಿಂತಲೂ ಹಗುರವಾದ ಈ ವಾಹನವನ್ನು ತೊಳೆಯುವವನೂ ಒರೆಸುವವನೂ ಹೆಚ್ಚಾಗಿ ಒಡೆಯನೇ. ಅಳಿಯನ ವಿಮಾನಶಾಲೆಯಲ್ಲಿ ಗೋಡೆಗೊರಗಿದ ಒಂದು ಮರದ ಪೆಟ್ಟಿಗೆಯಿದ್ದಿತು. ಅದರಲ್ಲಿ ಸೌಮ್ಯವಾದ ಸಾಬೂನಿನ ದ್ರವ, ಹತ್ತಿಯ ಹಳೆಯ ಬನಿಯನ್ನುಗಳು, ಉದ್ದ ಹಿಡಿಯ ಪುಟ್ಟ ಕನ್ನಡಿ, ಬ್ಯಾಟರಿ ದೀಪ, ಪಾರದರ್ಶಕವಾದ ಒಂದು ಬಟ್ಟಲು, ತುಕ್ಕು ಹಿಡಿಯದ ಉಕ್ಕಿನ ತಂತಿಯ ಸುರುಳಿ, ಎಣ್ಣೆಯ ಡಬ್ಬಗಳು ಇದ್ದುವು. ಎಲ್ಲಕ್ಕೂ ಮೇಲೆ ದಿನಚರಿಯ ಪುಸ್ತಕವೊಂದು. ನಮ್ಮ ತಂಗಿಯ ಅಡಿಗೆಮನೆಯ ಸಾಂಬಾರದ ಪೆಟ್ಟಿಗೆಯಲ್ಲಿ ಕಾಣುವ ಅಚ್ಚುಕಟ್ಟೇ ಅಲ್ಲಿಯೂ ಕಂಡಿತು.

ಮೊದಲು ಎದುರುಗಡೆಯ ಗಾಳಿತಡೆ. ಅದು ಗಾಜಿನಂತೆ ಕಂಡರೂ ಗಾಜಲ್ಲ, ಅಕ್ರಿಲಿಕ್ ಎಂಬ ವಸ್ತು. ಮನೆಯ ಕಿಟಕಿಯ ಗಾಜಿಗೆ ಹಾಕುವ ಅಮೋನಿಯದ ದ್ರಾವಣವನ್ನಾಗಲಿ, ಪೆಟ್ರೋಲನ್ನಾಗಲಿ, ಅಸಿಟೋನನ್ನಾಗಲಿ ಇದಕ್ಕೆ ಸೋಕಿಸಿದರೆ ಜೇಡರ ಬಲೆಯಂತೆ ಸೂಕ್ಷ್ಮವಾದ ಬಿರುಕುಗಳು ಮೂಡಬಹುದು. ಸೂರ್ಯನಿಗೆ ಅಭಿಮುಖವಾಗಿ ಇಳಿಯುವಾಗ ಆ ಬಿರುಕುಗಳೆಲ್ಲ ಹೊಳೆದು ಮುಂದಿನ ದಾರಿಯೇ ಕಾಣದು. ಒಣ ಬಟ್ಟೆಯಿಂದ ಒರೆಸಿದರೆ ಧೂಳಿನ ಕಣವೇ ಗೀರುವುದು. ಆದುದರಿಂದ ಧಾರಾಳವಾಗಿ ನೀರು ಹರಿಯಿಸಿ ಬರಿಗೈಯಿಂದ ಸವರಿ, ಮರಳು ಮಣ್ಣು ಕೈಗೆ ಹತ್ತದೆಂದು ನಿಶ್ಚಯವಾದ ಮೇಲೆಯೇ ಮೆತ್ತನೆಯ ಬಟ್ಟೆ. ನಾವೂ ಕೈಯಿಕ್ಕಲು ಮುಂದಾದಾಗ ಅಳಿಯನು, “ಮಾವ, ಮೊದಲು ಉಂಗುರ ತೆಗೆದಿಡಿ,” ಎಂದನು. ಸುತ್ತಿ ಸುತ್ತಿ ಒರೆಸದೆ ಒಂದೇ ದಿಕ್ಕಿನಲ್ಲಿ ನೇರವಾಗಿ ಒರೆಸತಕ್ಕುದೆಂಬುದನ್ನೂ ಅವನಿಂದಲೇ ಕಲಿತೆವು.

ಬಳಿಕ ಲೋಹದ ಮೈ. ಅಲ್ಯುಮಿನಿಯಂ ಪಾತ್ರೆಯನ್ನು ಸೋಡಾ ಹಾಕಿ ತಿಕ್ಕಿದರೆ ಕಪ್ಪಾಗುವುದೆಂಬುದು ನಮ್ಮ ಮನೆಗಳಲ್ಲಿ ತಿಳಿಯದ ಸಂಗತಿಯಲ್ಲ. ವಿಮಾನದ ಮೈಯೂ ಬಹುಮಟ್ಟಿಗೆ ಅದೇ ಲೋಹದ ಮಿಶ್ರಣವಾದುದರಿಂದ ತೀಕ್ಷ್ಣವಾದ ಕ್ಷಾರವು ಅದಕ್ಕೂ ಶತ್ರುವೇ. ಉಕ್ಕಿನ ನಾರಿನಿಂದ ಉಜ್ಜಿದರೆ ಅದರ ಚೂರುಗಳು ಮೆತ್ತನೆಯ ಲೋಹದಲ್ಲಿ ನಾಟಿಕೊಂಡು, ತೇವ ತಗಲಿದಾಗ ಆ ಜಾಗವನ್ನು ತಿನ್ನಲಾರಂಭಿಸುವುವು. ಎಷ್ಟೋ ತಗಡುಗಳಿಗೆ ರಕ್ಷಣೆಗಾಗಿ ಶುದ್ಧ ಅಲ್ಯುಮಿನಿಯಮ್ಮಿನ ತೆಳುವಾದ ಹೊದಿಕೆಯಿರುವುದರಿಂದ, ಹೊಳಪಿನ ಆಸೆಯಿಂದ ಮತ್ತೆ ಮತ್ತೆ ಉಜ್ಜುವವನು ಆ ಕವಚವನ್ನೇ ಸವೆಯಿಸಿಬಿಡುವನು. ರೆಕ್ಕೆಯ ಮುಂಚೂಣಿಗೆ ಬಡಿದು ಒಣಗಿದ ಹುಳುಗಳನ್ನು ಉಗುರಿನಿಂದ ಕೆರೆಯದೆ, ಒದ್ದೆಯ ಟವೆಲನ್ನು ಹೊದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಅವು ತಾವಾಗಿಯೇ ನೆನೆದು ಬಿಡುವುವು. ಹುಣಿಸೆಹಣ್ಣು ಹಿತ್ತಾಳೆಗೆ ಸರಿ. ಆದರೆ ಹಿತ್ತಾಳೆಗೆ ಸರಿಯಾದುದು ಎಲ್ಲಕ್ಕೂ ಸರಿಯೆಂದು ತಿಳಿಯುವುದು ಅವಿವೇಕ.

ತೊಳೆಯುವುದಕ್ಕೆ ಮುಂಚೆ ಅವನು ಕೆಂಪು ಪಟ್ಟಿ ತೂಗುವ ಪುಟ್ಟ ಚೀಲಗಳನ್ನು ಕೆಲವು ರಂಧ್ರಗಳಿಗೆ ತೊಡಿಸಿದನು. “ಹಾರುವ ಮೊದಲು ತೆಗೆಯಿರಿ” ಎಂಬರ್ಥದ ಇಂಗ್ಲಿಷು ಅಕ್ಷರಗಳು ಅವುಗಳ ಮೇಲಿದ್ದುವು. 1732ರಲ್ಲಿ ಆನ್ರಿ ಪಿಟೋ ಎಂಬ ಫ್ರೆಂಚ್ ವಿದ್ವಾಂಸನು ನದಿಯ ಪ್ರವಾಹದ ವೇಗವನ್ನು ಅಳೆಯಲು ಕಂಡುಹಿಡಿದ ಕೊಳವೆಯೇ ಇಂದು ವಿಮಾನದ ವೇಗವನ್ನು ತಿಳಿಸುವುದು. ಎದುರಿಗೆ ನುಗ್ಗುವ ಗಾಳಿಯ ಒತ್ತಡವು ಅದರೊಳಗೆ ಬರುವುದು. ಪಕ್ಕದ ಸಣ್ಣ ರಂಧ್ರಗಳು ಸುತ್ತಲಿನ ಗಾಳಿಯ ಒತ್ತಡವನ್ನು ಕೊಡುವುವು. ಎರಡರ ವ್ಯತ್ಯಾಸದಿಂದ ವೇಗವೂ, ಪಕ್ಕದ ರಂಧ್ರಗಳಿಂದಲೇ ಎತ್ತರವೂ ತಿಳಿಯುವುವು. ನಿಂತ ವಿಮಾನದ ಈ ಕೊಳವೆಯೊಳಗೆ ಕಡಜವು ಮಣ್ಣಿನ ಗೂಡು ಕಟ್ಟಿದರೂ ಸಾಕು, ಮುಳ್ಳು ಸುಳ್ಳು ಹೇಳುವುದು.

ಇದು ಬರಿಯ ಊಹೆಯ ಮಾತಲ್ಲ. 1996ನೆಯ ಅಕ್ಟೋಬರ್ 2ರಂದು ಪೆರು ದೇಶದ ಲೀಮಾ ನಗರದಿಂದ ಏರೋಪೆರು ಸಂಸ್ಥೆಯ ದೊಡ್ಡ ವಿಮಾನವೊಂದು ನಡುರಾತ್ರಿ ಕಳೆದ ಮೇಲೆ ಹೊರಟಿತು. ಅದನ್ನು ಶುಚಿಮಾಡುವಾಗ ನೀರು ಹೋಗದಿರಲೆಂದು ಆ ಪಕ್ಕದ ರಂಧ್ರಗಳಿಗೆ ಅಂಟುಪಟ್ಟಿ ಹಚ್ಚಿದ್ದರು. ಕೆಲಸ ಮುಗಿದ ಮೇಲೆ ಅದನ್ನು ತೆಗೆಯಲಿಲ್ಲ. ನೋಡತಕ್ಕವರು ಯಾರೂ ಅದನ್ನು ಕಾಣಲಿಲ್ಲ. ಕತ್ತಲೆಯ ಸಮುದ್ರದ ಮೇಲೆ ಎತ್ತರವೂ ವೇಗವೂ ತಿಳಿಯದೆ ವಿಮಾನವು ನೀರಿಗೆ ಬಿದ್ದಿತು. 70 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ತೊಳೆದವರ ಉದ್ದೇಶವು ಒಳ್ಳೆಯದೇ. ಆದರೆ ಮಾಡಿದ್ದನ್ನು ತಿರುಗಿ ನೋಡುವವರೆಗೆ ಶುಚಿಯ ಕೆಲಸವು ಮುಗಿದಂತಲ್ಲ. ಅಳಿಯನು ಚೀಲಗಳನ್ನು ತೊಡಿಸುವಾಗಲೂ ಎಣಿಸಿದನು, ತೆಗೆಯುವಾಗಲೂ ಎಣಿಸಿದನು. ಒರೆಸುವ ಬಟ್ಟೆಗಳನ್ನೂ ಹಾಗೆಯೇ ಎಣಿಸಿಟ್ಟನು.

ಪಾರದರ್ಶಕವಾದ ಬಟ್ಟಲಿನ ಉಪಯೋಗವನ್ನು ಕಂಡು ನಮಗೆ ವಿಶೇಷವಾದ ಸಂತೋಷವಾಯಿತು. ಇಂಧನದ ತೊಟ್ಟಿಯ ತಳದಿಂದ ಸ್ವಲ್ಪ ಪೆಟ್ರೋಲನ್ನು ಅದರಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡುವನು. ನೀರು ಪೆಟ್ರೋಲಿಗಿಂತ ಭಾರವಾದುದರಿಂದ, ಬೆರೆತಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುವುದು. ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸದ ವಿವೇಕವನ್ನು ಕವಿಗಳು ಹೊಗಳಿರುವರಷ್ಟೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಂಸ್ಥೆಯವರು ನಿರ್ಮಿಸಿ 1993ರಲ್ಲಿ ಮೊದಲು ಹಾರಿಸಿದ ಎರಡು ಆಸನಗಳ ವಿಮಾನಕ್ಕೆ ‘ಹಂಸ’ವೆಂದೇ ಹೆಸರಿಟ್ಟಿರುವರು. ಆ ಹೆಸರು ಎಷ್ಟು ಸಾರ್ಥಕವೆಂದು ಆ ಬಟ್ಟಲನ್ನು ನೋಡುತ್ತ ಎಂದುಕೊಂಡೆವು.

ಮರುದಿನ ಬೆಳಿಗ್ಗೆ ನಮ್ಮನ್ನು ಹಾರಿಸಿಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು. ಆಕಾಶವು ನಿರ್ಮಲವಾಗಿದ್ದಿತು. ಅವನು ಎಂಜಿನ್ನಿನ ಮುಚ್ಚಳವನ್ನು ತೆಗೆದು ಬಟ್ಟೆಯಿಂದ ಒರೆಸುತ್ತಿದ್ದವನು ಥಟ್ಟನೆ ಕೈಯನ್ನು ತಡೆದನು. ಹೊಗೆಕೊಳವೆಯ ಒಂದು ಬೆಸುಗೆಯ ಬಳಿ ಬೂದಿಯಂತಹ ಬಿಳಿಯ ಪುಡಿಯ ಗೆರೆ ಕಂಡಿತು. ಕನ್ನಡಿಯನ್ನು ಹಿಂದಕ್ಕೆ ಹಿಡಿದು ದೀಪ ಹಾಯಿಸಿದಾಗ ಕೂದಲೆಳೆಯಷ್ಟು ಸಣ್ಣ ಬಿರುಕು ಇದ್ದಿತು. ಅಲ್ಲಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿರುವುದು. ಬಣ್ಣವಿಲ್ಲದ, ವಾಸನೆಯಿಲ್ಲದ ಅದು ಕುಳಿತವರ ಜಾಗಕ್ಕೆ ನುಗ್ಗಿದರೆ ನಡೆಸುವವನಿಗೆ ತಿಳಿಯದಂತೆಯೇ ಪ್ರಜ್ಞೆ ತಪ್ಪಬಹುದು.

“ಮೊನ್ನೆ ಒರೆಸಿದಾಗ ಇದು ಇರಲಿಲ್ಲ. ಇವತ್ತು ಹಾರುವುದಿಲ್ಲ, ಮಾವ,” ಎಂದನು.

ಜೊತೆಯಲ್ಲಿದ್ದ ಗೆಳೆಯನು, ಇಷ್ಟು ದೂರದಿಂದ ಬಂದವರನ್ನು ಒಂದು ಸುತ್ತಾದರೂ ಕರೆದೊಯ್ಯಬಾರದೆ ಎಂದು ಕೇಳಿದನು. ಅಳಿಯನು ಉತ್ತರ ಕೊಡದೆ ಮುಚ್ಚಳವನ್ನು ಪಕ್ಕಕ್ಕಿಟ್ಟು ದಿನಚರಿಯಲ್ಲಿ ಬರೆಯತೊಡಗಿದನು. ಹೊಸ ಕೊಳವೆಯು ಬರುವುದರೊಳಗೆ ನಮ್ಮ ಪ್ರಯಾಣದ ದಿನ ಬಂದಿತು. ನಾವು ಆ ವಿಮಾನದಲ್ಲಿ ಹಾರದೆಯೇ ಹಿಂದಿರುಗಿದೆವು.

ಹಳೆಯ ಮಸಿಯೂ ಎಣ್ಣೆಯೂ ಹಾಗೆಯೇ ಮೆತ್ತಿಕೊಂಡಿದ್ದರೆ ಆ ಬಿಳಿಯ ಗೆರೆಯು ಅದರ ನಡುವೆ ಅಡಗಿ ಹೋಗುತ್ತಿತ್ತು. ಶುಚಿಯಾದ ಜಾಗದಲ್ಲಿ ಮಾತ್ರ ಹೊಸ ಕಲೆಯು ಕಾಣುವುದು. ಸಾಬೂನಿಗೂ ಬಟ್ಟೆಗೂ ಕೊಟ್ಟ ಹಣದ ನಿಜವಾದ ಫಲವಿದು. ದುಬಾರಿಯಾದ ಹೊಳಪಿನೆಣ್ಣೆಯನ್ನು ಕೊಂಡು ತಂದು ಬೇರೊಬ್ಬರಿಂದ ಹಚ್ಚಿಸಿ ದೂರ ನಿಂತು ನೋಡುವವನಿಗೆ ಈ ಫಲವು ದೊರೆಯುವುದೆಂದು ನಮಗೆ ತೋರುವುದಿಲ್ಲ.

ಮೈಸೂರಿಗೆ ಬಂದು ತಂಗಿಗೆ ಎಲ್ಲವನ್ನೂ ಹೇಳಿದೆವು. ಬಿರುಕಿನ ಸಂಗತಿಯನ್ನು ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ. ಆಕೆಯು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಒರೆಸುತ್ತ ಇದ್ದರೆ ಬೀಳುವುದಿಲ್ಲವೇ, ಅಣ್ಣ?” ಎಂದು ಕೇಳಿದಳು. ಗಾಳಿಮಳೆಯುಂಟು, ಹಕ್ಕಿಗಳುಂಟು, ಮನುಷ್ಯನ ಬುದ್ಧಿಯೇ ಒಮ್ಮೊಮ್ಮೆ ಮಂಕಾಗುವುದುಂಟು. ಬೀಳುವುದೇ ಇಲ್ಲವೆಂದು ಹೇಳಲು ನಮ್ಮಿಂದಾಗಲಿಲ್ಲ. “ಅದನ್ನು ಯಾರೂ ಹೇಳಲಾರರಮ್ಮ. ಆದರೆ ಮಾವನನ್ನು ಮೆಚ್ಚಿಸುವುದಕ್ಕಾಗಿಯೂ ಅವನು ಹಾರಲಿಲ್ಲ. ಮಾರಿಬಿಡೆಂದು ನಾನು ಹೇಳಿ ಬರಲಿಲ್ಲ,” ಎಂದೆವು. ಆಕೆಗೆ ಪೂರ್ಣವಾದ ಸಮಾಧಾನವಾಯಿತೆಂದು ಬರೆದರೆ ಸುಳ್ಳಾದೀತು. ಭಾನುವಾರಗಳಲ್ಲಿ ಈಗಲೂ ದೇವರ ಮುಂದೆ ಎರಡು ದೀಪ ಹೆಚ್ಚಾಗಿಯೇ ಉರಿಯುವುವು. ಆದರೆ ದೂರವಾಣಿಯಲ್ಲಿ ಇನ್ನೂ ಹಾರುತ್ತೀಯಾ ಎಂದು ಮಗನನ್ನು ಕೇಳುವುದನ್ನು ಆಕೆಯು ಬಿಟ್ಟಿರುವಳು. ಚೆನ್ನಾಗಿ ಒರೆಸಿದೆಯಾ, ಕೆಂಪು ಚೀಲಗಳನ್ನು ಎಣಿಸಿದೆಯಾ ಎಂದು ಕೇಳುವಳು. ಅವನು ಎಷ್ಟೆಂದು ಲೆಕ್ಕ ಹೇಳುವನು.