ಧಕ್ಕೆಯ ಮೇಲಿನ ತಾಟೆ ಮರಿಗಳು

ಭದ್ರಾವತಿಯ ನೀರು ಹತ್ತಿರದ ಕಡಲಿಗೆ ಹೋಗುವುದಿಲ್ಲ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ನಮ್ಮೂರನ್ನು ಹಾದು, ಕೂಡ್ಲಿಯಲ್ಲಿ ತುಂಗೆಯ ಕೈಹಿಡಿದು, ಕೃಷ್ಣೆಯ ಜೊತೆ ಎಲ್ಲೋ ಬಂಗಾಳ ಕೊಲ್ಲಿಗೆ ಸೇರುತ್ತಾಳೆ. ನಮಗೆ ಅರಬ್ಬಿ ಸಮುದ್ರ ಬೇಕಿದ್ದರೆ ಹೊಳೆಗೆ ಬೆನ್ನು ಹಾಕಿ ಪಡುವಣಕ್ಕೆ ಹೊರಡಬೇಕು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವ ಅಕ್ಕನ ಮಗಳು, "ಮಾವ, ಶಾರ್ಕ್ ನೋಡಬೇಕು, ಮಲ್ಪೆಗೆ ಕರಕೊಂಡು ಹೋಗು" ಎಂದಳು. ಅರ್ಧರಾತ್ರಿಗೇ ಹೊರಟೆವು. ಶಿವಮೊಗ್ಗ, ತೀರ್ಥಹಳ್ಳಿ ನಿದ್ದೆಯಲ್ಲಿದ್ದವು. ಆಗುಂಬೆಯ ತಿರುವುಗಳನ್ನು ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಚಳಿ ಹೋಗಿ ಕರಾವಳಿಯ ಸೆಕೆ ಕಾರಿನೊಳಗೆ ಬಂದು ಕೂತಿತ್ತು.

ಶಾರ್ಕ್ ಎಂದರೆ ನೀಲಿ ನೀರು, ಹಲ್ಲು, ಭಯ ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ಮಲ್ಪೆಯ ಧಕ್ಕೆಯಲ್ಲಿ ಕಂಡದ್ದು ಬೇರೆ. ಟ್ರಾಲ್ ಬೋಟುಗಳಿಂದ ಬುಟ್ಟಿಬುಟ್ಟಿ ಮೀನು ಇಳಿಯುತ್ತಿತ್ತು. ಐಸ್ ಪುಡಿಯ ಸದ್ದು, ಏಲಂ ಕೂಗುವವರ ಗಂಟಲು, ಮೀನು ಬೇರ್ಪಡಿಸುವ ಹೆಂಗಸರ ಬಿರುಸು ಕೈ. ಆ ರಾಶಿಯ ನಡುವೆ ಒಂದು ಬುಟ್ಟಿಯ ತುಂಬ ಮೊಳದುದ್ದದ ಬೂದು ಮೀನುಗಳು. ಇಲ್ಲಿಯವರು ತಾಟೆ ಎನ್ನುವ ಶಾರ್ಕ್‌ಗಳೇ ಅವು. ಪಕ್ಕದಲ್ಲಿ ತೊರಕೆಗಳು, ಎಂದರೆ ರೇ ಮೀನುಗಳು, ಬೆನ್ನಡಿಯಾಗಿ ಬಿದ್ದಿದ್ದವು. ಅವುಗಳ ಬಾಯಿ, ಮೂಗಿನ ಹೊಳ್ಳೆ, ಕಿವಿರಿನ ಸೀಳು ಎಲ್ಲ ಹೊಟ್ಟೆಯ ಕಡೆಗೆ. ಕಣ್ಣು ಮಾತ್ರ ಬೆನ್ನ ಮೇಲೆ.

"ಮುಟ್ಟಿ ನೋಡು ಮಾವ, ಬಾಲದಿಂದ ತಲೆಯ ಕಡೆಗೆ" ಎಂದಳು. ತಾಟೆಯ ಚರ್ಮ ಮರಳು ಕಾಗದದಂತೆ ಬೆರಳನ್ನು ಕೆರೆಯಿತು. ಆ ಚರ್ಮದ ಒಂದೊಂದು ಹುರುಪೆಯೂ ಹಲ್ಲಿನ ದ್ರವ್ಯದಿಂದಲೇ ಆದದ್ದಂತೆ. ಒಳಗೆ ಎಲುಬಿಲ್ಲ, ಬರೀ ಮೃದ್ವಸ್ಥಿ. ಮೂತಿಯ ಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅವುಗಳೊಳಗೆ ಲೋಳೆ. ಮರಳಿನಡಿ ಅಡಗಿದ ಸಣ್ಣ ಜೀವಿಯ ದೇಹದಿಂದ ಹೊರಡುವ ಅತಿ ಕ್ಷೀಣ ವಿದ್ಯುತ್ತನ್ನೂ ಈ ಗುಳಿಗಳು ಹಿಡಿಯುತ್ತವೆ. 1678ರಲ್ಲಿ ಇಟಲಿಯ ಸ್ಟೆಫಾನೊ ಲೊರೆಂಝಿನಿ ಇವನ್ನು ವಿವರಿಸಿದ; ಅವು ಏತಕ್ಕೆಂದು ತಿಳಿಯಲು ಲೋಕ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಈ ಕುಲ ಭೂಮಿಯ ಮೇಲೆ ನಲವತ್ತು ಕೋಟಿ ವರ್ಷಕ್ಕೂ ಹಿಂದಿನದು. ಡೈನೋಸಾರ್‌ಗಳು ಬಂದದ್ದು ಆಮೇಲೆ.

ಮೀನು ಕತ್ತರಿಸುವ ಅಮ್ಮ ಒಬ್ಬರು ನಮ್ಮ ಕುತೂಹಲ ನೋಡಿ ಒಂದು ತಾಟೆಯ ಹೊಟ್ಟೆ ಸೀಳಿ ತೋರಿಸಿದರು. ಒಳಗೆ ಮರಿಗಳು! ಒಂದೊಂದಕ್ಕೂ ಹೊಕ್ಕುಳಬಳ್ಳಿ. ಮೀನಿಗೆ ಹೊಕ್ಕುಳಬಳ್ಳಿಯೇ ಎಂದು ನಾನು ಬಗ್ಗಿ ಮತ್ತೆ ಮತ್ತೆ ನೋಡಿದೆ. ಚಪ್ಪಟೆ ಮೂತಿಯ ಈ ಸಣ್ಣ ಜಾತಿಗೆ ಶಾಸ್ತ್ರದಲ್ಲಿ ಸ್ಕೋಲಿಯೋಡಾನ್ ಎಂದು ಹೆಸರು. ಅದರ ಮೊಟ್ಟೆ ಒಂದು ಮಿಲಿಮೀಟರಿನಷ್ಟು. ಅಷ್ಟು ಕಿರಿದಾದ ಮೊಟ್ಟೆಯಿಂದ ಮರಿಯನ್ನು ಬೆಳೆಸುವುದು ತಾಯಿಯೇ, ಬಸಿರಿನಲ್ಲಿ, ಮಾಸಿನ ಮೂಲಕ. "ಬಾಣಂತಿಗೆ ಹಾಲು ಬರ್ಲಿಕ್ಕೆ ಇದರ ಸಾರು ಕೊಡ್ತೇವೆ" ಎಂದರು ಅಮ್ಮ. ಕೊಂಕಣದಿಂದ ತಮಿಳುನಾಡಿನವರೆಗೂ ಇರುವ ನಂಬಿಕೆ ಇದು. ಈ ಮೀನನ್ನು ತಿನ್ನುವವರನ್ನು ದೂರಿ ಪ್ರಯೋಜನವಿಲ್ಲ ಎಂದು ನನಗೆ ಖಚಿತವಾದದ್ದು ಅಲ್ಲೇ. ಇದು ಬಡವರ ಅಡುಗೆಮನೆಯ ಮೀನು, ಬಾಣಂತಿಯ ಪಥ್ಯ.

ಆದರೆ ಲೆಕ್ಕ ಕಠೋರ. ಬೂತಾಯಿ ಒಂದು ವರ್ಷದೊಳಗೆ ಬಲಿತು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಸುತ್ತಿಗೆ ತಲೆಯ ಶಾರ್ಕ್ ಬಲಿಯಲು ಹಲವು ವರ್ಷ ಬೇಕು; ಬಸಿರೇ ಹತ್ತು ತಿಂಗಳ ಆಸುಪಾಸು. ಹಾರುವ ದೊಡ್ಡ ತೊರಕೆಗಳು, ಮ್ಯಾಂಟಾ ಜಾತಿಯವು, ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತವೆ. ಬಲೆಗೆ ಈ ವ್ಯತ್ಯಾಸ ಗೊತ್ತಿಲ್ಲ. 2021ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಶಾರ್ಕ್ ಮತ್ತು ತೊರಕೆ ಜಾತಿಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಅಳಿವಿನ ಅಪಾಯದಲ್ಲಿವೆ. ಮುಖ್ಯ ಕಾರಣ ಮಿತಿಮೀರಿದ ಮೀನುಗಾರಿಕೆ.

ಹಾಗಾದರೆ ಸಂಶೋಧನೆ ನಡೆಯುವುದೆಲ್ಲಿ? ಆಳ ಸಮುದ್ರದಲ್ಲಿ ಎಂದುಕೊಂಡಿದ್ದೆ. ನಮ್ಮ ದೇಶದಲ್ಲಿ ಅದು ಬಹುಪಾಲು ಇಂಥ ಒದ್ದೆ ಧಕ್ಕೆಗಳ ಮೇಲೆಯೇ. 1947ರಲ್ಲಿ ಶುರುವಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲೂ ಕೇಂದ್ರವಿದೆ. ಅದರ ಸಿಬ್ಬಂದಿ ಬಂದರುಗಳಿಗೆ ಬಂದು ಜಾತಿ ಗುರುತಿಸುತ್ತಾರೆ. ಶಾರ್ಕ್‌ನ ಉದ್ದ, ತೊರಕೆಯ ಅಗಲ ಅಳೆಯುತ್ತಾರೆ. ಗಂಡೋ ಹೆಣ್ಣೋ, ಬಲಿತದ್ದೋ ಎಳೆಯದೋ, ಹೊಟ್ಟೆಯಲ್ಲಿ ಏನಿತ್ತು, ಎಷ್ಟು ಮರಿ ಎಂದು ಬರೆಯುತ್ತಾರೆ. ಬೆನ್ನಿನ ಕಶೇರುಮಣಿಯನ್ನು ತೆಳುವಾಗಿ ಕೊಯ್ದು ಉಂಗುರ ಎಣಿಸಿ ವಯಸ್ಸು ಅಂದಾಜಿಸುವುದೂ ಉಂಟು. ಕಾನೂನಿಗೆ ಬುದ್ಧಿ ಬರುವುದು ಈ ಲೆಕ್ಕದಿಂದಲೇ. 2001ರ ಜುಲೈಯಲ್ಲಿ ಸರ್ಕಾರ ಎಲ್ಲ ಶಾರ್ಕ್, ತೊರಕೆಗಳನ್ನೂ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಮೀನುಗಾರರ ಬದುಕಿನ ಪ್ರಶ್ನೆ ಎದ್ದಿತು. ಡಿಸೆಂಬರ್ ಹೊತ್ತಿಗೆ ಪಟ್ಟಿ ಹತ್ತು ಜಾತಿಗಳಿಗೆ ಇಳಿಯಿತು. ತಿಮಿಂಗಿಲ ಶಾರ್ಕ್, ಗರಗಸ ಮೀನು ಅದರಲ್ಲಿ ಉಳಿದವು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತಿಗೆ ನಿಷೇಧ ಬಂತು. ಗುಜರಾತಿನಲ್ಲಿ ತಿಮಿಂಗಿಲ ಶಾರ್ಕ್ ಉಳಿದ ಬಗೆ ಇನ್ನೂ ಚೆಂದ: ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳು ಎಂದರು, ಕತ್ತರಿಸಿದ ಬಲೆಗೆ ಪರಿಹಾರ ಬಂತು, ಹಿಂದೆ ಬೇಟೆಯಾಡಿದ ಕೈಗಳೇ ಬಲೆ ಕೊಯ್ದು ನೂರಾರನ್ನು ಬಿಡಿಸಿದವು.

ಬೋಟು ನಡೆಸುವ ತಾಂಡೇಲರ ಬಳಿ ಹುಡುಗಿ ಬಲೆಯಿಂದ ಬಿಡಿಸುವ ಈ ಮಾತನ್ನೇ ಎತ್ತಿದಳು: ಸುತ್ತಿಗೆ ತಲೆಯ ಮರಿಗಳು ಎಷ್ಟು ಮಾರು ನೀರಿನಲ್ಲಿ ಸಿಗುತ್ತವೆ, ಮೇಲೆ ಬರುವಾಗ ಜೀವ ಇರುತ್ತದೆಯೇ. ಅವರು ಮರಿಗಳು ಸಿಗುವ ಜಾಗಗಳನ್ನು ಒಂದೊಂದಾಗಿ ಹೇಳಿದರು. ಅವಳು ಮಂಡಿಯ ಮೇಲೆ ಪುಸ್ತಕವಿಟ್ಟು ಬರೆದುಕೊಂಡಳು. ಬಲೆ ಎಳೆಯುವುದು ತಡವಾದರೆ ಹೆಚ್ಚಿನವು ಸತ್ತೇ ಬರುತ್ತವೆ, ತೊರಕೆಗಳಲ್ಲಿ ಕೆಲವು ಮಿಸುಕುತ್ತಿರುತ್ತವೆ ಎಂದರು. "ಬಿಡಬಹುದು. ಆದರೆ ಯಾವುದನ್ನು ಬಿಡಬೇಕು ಅಂತ ನಮ್ಮ ಹುಡುಗರಿಗೆ ಗೊತ್ತಾಗ್ಬೇಕಲ್ಲ" ಎಂದು ಸ್ವಲ್ಪ ಯೋಚಿಸಿ, "ಮುಂದಿನ ಸಲ ಬರುವಾಗ ಚಿತ್ರ ಇರುವ ಹಾಳೆ ಮಾಡಿಕೊಂಡು ಬನ್ನಿ, ಕನ್ನಡದಲ್ಲಿ. ಕ್ಯಾಬಿನ್ನಿನಲ್ಲಿ ಅಂಟಿಸ್ತೇನೆ" ಎಂದರು.